ಗವಿಯ ಮಣ್ಣನ್ನು ಓದಿದ ಉಪಾಧ್ಯಾಯ: ವಿಲಿಯಂ ಪೆಂಗೆಲಿ

ಗವಿಯೆಂದೊಡನೆ ನಮ್ಮವರ ನೆನಪಿಗೆ ಬರುವುದು ಶಿವಯೋಗಿಗಳ ಅನುಷ್ಠಾನದ ತಾಣ. ಇಂಗ್ಲೆಂಡಿನ ಶಾಲೋಪಾಧ್ಯಾಯರೊಬ್ಬರಿಗೆ ಅದೇ ಜೀವಮಾನದ ಗ್ರಂಥಭಂಡಾರವಾಯಿತು.

ವಿಲಿಯಂ ಪೆಂಗೆಲಿಯವರು 1812ರಲ್ಲಿ ಕಾರ್ನ್‌ವಾಲ್ ಪ್ರಾಂತದ ಲೂ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದರು. ತಂದೆ ನಾವಿಕರು. ಹನ್ನೆರಡನೆಯ ವಯಸ್ಸಿಗೇ ಶಾಲೆ ಬಿಟ್ಟು ತಂದೆಯ ಹಡಗನ್ನೇರಬೇಕಾಗಿ ಬಂದ ಅವರು ಗಣಿತವನ್ನು ಸ್ವಪ್ರಯತ್ನದಿಂದ ಕಲಿತು, ಮುಂದೆ ಡೆವನ್ ಪ್ರಾಂತದ ಟಾರ್ಕೀ ಪಟ್ಟಣದಲ್ಲಿ ಶಾಲೆಯೊಂದನ್ನು ತೆರೆದರು. ಭೂವಿಜ್ಞಾನದಲ್ಲಿ ಅವರಿಗೆ ಯಾವ ಪದವಿಯೂ ಇರಲಿಲ್ಲ; ಇದ್ದುದು ಅಳಿಯದ ಆಸಕ್ತಿಯೊಂದೇ.

ಆ ಊರ ಬಳಿಯ ಕೆಂಟ್ಸ್ ಗವಿಯಲ್ಲಿ ಮೆಕೆನೆರಿ ಎಂಬ ಕ್ಯಾಥೊಲಿಕ್ ಪಾದ್ರಿಗಳು 1825ರಿಂದ ಅಗೆದು, ನಿರ್ವಂಶವಾದ ಮೃಗಗಳ ಎಲುಬುಗಳೊಡನೆ ಚಕಮಕಿ ಕಲ್ಲಿನ ಆಯುಧಗಳನ್ನು ಕಂಡಿದ್ದರು. ಮಾನವನು ಅಷ್ಟು ಪುರಾತನನೆಂಬುದನ್ನು ಅಂದಿನ ವಿದ್ವಾಂಸರು ಒಪ್ಪಲಿಲ್ಲ. ಪಾದ್ರಿಗಳು ತಮ್ಮ ಬರಹವನ್ನು ಪ್ರಕಟಿಸದೆಯೇ 1841ರಲ್ಲಿ ಕಾಲವಾದರು. 1846ರಲ್ಲಿ ಪೆಂಗೆಲಿಯವರೂ ಸಂಗಡಿಗರೂ ಅದೇ ಸಾಕ್ಷ್ಯವನ್ನು ಮತ್ತೆ ಮುಂದಿಟ್ಟಾಗಲೂ ನಂಬಿದವರು ವಿರಳ. ಒಮ್ಮೆ ಕೆದಕಿದ ಮಣ್ಣಿನಲ್ಲಿ ಮೇಲಿನದು ಕೆಳಗಿಳಿದಿರಬಹುದೆಂಬ ಸಂದೇಹಕ್ಕೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ.

ಉತ್ತರ ದೊರೆತದ್ದು 1858ರಲ್ಲಿ. ಸಮೀಪದ ಬ್ರಿಕ್ಸ್‌ಹ್ಯಾಮಿನಲ್ಲಿ ಕಲ್ಲು ತೆಗೆಯುವಾಗ ಯಾರೂ ಮುಟ್ಟದ ಗವಿಯೊಂದು ಬಯಲಾಯಿತು. ಕಂಡಕಂಡಲ್ಲಿ ಗುಂಡಿ ತೋಡುವ ವಾಡಿಕೆಯನ್ನು ಬಿಟ್ಟು, ಪೆಂಗೆಲಿಯವರು ಮೇಲಿನಿಂದ ಪದರಪದರವಾಗಿ ಮಣ್ಣು ತೆಗೆಸಿದರು. ಸುಣ್ಣದ ಗಟ್ಟಿ ಹಾಸಿನ ಕೆಳಗೆ, ಮ್ಯಾಮತ್ ಆನೆ ಮತ್ತು ಖಡ್ಗಮೃಗಗಳ ಅಸ್ಥಿಗಳೊಡನೆ, ಮಾನವನ ಕಲ್ಲಾಯುಧಗಳು ದೊರೆತವು. ಮರುವರ್ಷ ಭೂವಿಜ್ಞಾನಿ ಲಯೆಲ್‌ರಂಥವರೇ ಮಾನವನ ಪ್ರಾಚೀನತೆಯನ್ನು ಬಹಿರಂಗವಾಗಿ ಅಂಗೀಕರಿಸಿದರು.

ಇಷ್ಟಕ್ಕೆ ತೃಪ್ತರಾಗಿದ್ದರೆ ಪೆಂಗೆಲಿಯವರ ಹೆಸರು ಉಳಿಯುತ್ತಿತ್ತು, ಅವರ ಹಿರಿಮೆ ತಿಳಿಯುತ್ತಿರಲಿಲ್ಲ. 1865ರಲ್ಲಿ ಅವರು ಕೆಂಟ್ಸ್ ಗವಿಗೇ ಮರಳಿ, 1880ರವರೆಗೆ ಹದಿನೈದು ವರ್ಷ ಅಲ್ಲಿ ಉತ್ಖನನ ನಡೆಸಿದರು. ಗವಿಯ ಮಣ್ಣನ್ನು ಒಂದು ಗಜ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ತುಂಡುಗಳಾಗಿ ವಿಭಾಗಿಸಿದರು. ಪ್ರತಿಯೊಂದು ತುಂಡನ್ನೂ ಮೊದಲು ಮೇಣದ ಬತ್ತಿಯ ಬೆಳಕಿನಲ್ಲಿ, ಬಳಿಕ ಹೊರಗೆ ಹಗಲ ಬೆಳಕಿನಲ್ಲಿ ಶೋಧಿಸಿ, ಸಿಕ್ಕಿದ್ದಕ್ಕೆಲ್ಲ ಸ್ಥಳ, ಆಳ, ದಿನಾಂಕಗಳನ್ನು ಬರೆದಿಡಲಾಯಿತು. ಹೀಗೆ ದಾಖಲಾದ ವಸ್ತುಗಳು 80,000ಕ್ಕೂ ಮಿಕ್ಕವು. ಒಂದು ಹಲ್ಲಿಗೂ ಇಷ್ಟು ವಿವರವೇ ಎಂದು ಕೇಳುವವರಿದ್ದಾರು. ಕಠಾರಿಹಲ್ಲಿನ ಮಾರ್ಜಾಲವೊಂದರ ಹಲ್ಲುಗಳನ್ನು ಮೆಕೆನೆರಿಯವರು ಕಂಡಿದ್ದೂ ಶಂಕಾಸ್ಪದವಾಗಿತ್ತು. 1872ರಲ್ಲಿ ಅಂಥದೇ ಹಲ್ಲು ಪೆಂಗೆಲಿಯವರ ಲೆಕ್ಕದ ತುಂಡೊಂದರಲ್ಲಿ ದೊರೆತಾಗ ಆ ಶಂಕೆ ನಿವಾರಣೆಯಾಯಿತು.

ಅಷ್ಟರಲ್ಲಿಯೇ, 1869ರಲ್ಲಿ, ಮೃತ ಪಾದ್ರಿಗಳ ಹಸ್ತಪ್ರತಿಯನ್ನು ಪೆಂಗೆಲಿಯವರು ತಾವೇ ಪ್ರಕಟಿಸಿ, ಮೊದಲು ಕಂಡವರಿಗೆ ಸಲ್ಲತಕ್ಕ ಕೀರ್ತಿಯನ್ನು ಸಲ್ಲಿಸಿದ್ದರು. ವಿದ್ವತ್ತಿನ ಲೋಕದಲ್ಲಿ ಇಂಥ ಋಣಸಂದಾಯ ಅಪರೂಪ.

ರಾಯಲ್ ಸೊಸೈಟಿ 1863ರಲ್ಲಿಯೇ ಅವರನ್ನು ಸದಸ್ಯರನ್ನಾಗಿ ಆರಿಸಿತ್ತು. 1894ರಲ್ಲಿ ಅವರು ಟಾರ್ಕೀಯಲ್ಲಿ ದಿವಂಗತರಾದರು. 1844ರಲ್ಲಿ ಅವರೂ ಸೇರಿ ಸ್ಥಾಪಿಸಿದ ನಿಸರ್ಗೇತಿಹಾಸ ಸಂಘದ ವಸ್ತುಸಂಗ್ರಹಾಲಯದಲ್ಲಿ ಅವರ ಉತ್ಖನನದ ದಿನಚರಿ ಇದೆ. ಗವಿಯ ಯಾವ ಮೂಳೆ ಎಲ್ಲಿ ಬಿದ್ದಿತ್ತೆಂದು ತಿಳಿಯಲು ಸಂಶೋಧಕರು ಅದನ್ನೇ ತೆರೆಯುತ್ತಾರೆ.