ಹೋಮಿ ಜಹಾಂಗೀರ್ ಭಾಭಾ

ಹೋಮಿ ಜಹಾಂಗೀರ್ ಭಾಭಾ (30 ಅಕ್ಟೋಬರ್ 1909 – 24 ಜನವರಿ 1966) ಭಾರತದ ಭೌತವಿಜ್ಞಾನಿ. ದೇಶದ ಪರಮಾಣು ಶಕ್ತಿ ಕಾರ್ಯಕ್ರಮದ ಪಿತಾಮಹರೆಂದು ಪ್ರಸಿದ್ಧರಾದ ಇವರು ವಿಶ್ವಕಿರಣಗಳ ಸಂಶೋಧಕರೂ ಹೌದು. ಗ್ಯಾಲಕ್ಸಿ ಗುಚ್ಛಗಳ ಅನಿಲವನ್ನು ರೇಡಿಯೋ ಗ್ಯಾಲಕ್ಸಿಗಳು ಕಾಯಿಸುವ ಬಗೆಯನ್ನು ಇಂದು ಅಭ್ಯಸಿಸುವ ಭಾರತದ ದೂರದರ್ಶಕಗಳ ಹಿಂದೆ ಇವರ ನಿರ್ಧಾರವೊಂದಿದೆ.

ಬೆಂಗಳೂರಿನ ವರ್ಷಗಳು

ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದ ಭಾಭಾ ಕೇಂಬ್ರಿಡ್ಜ್‌ನಲ್ಲಿ ವ್ಯಾಸಂಗ ಮಾಡಿದರು. ವಿಶ್ವಕಿರಣದ ಒಂದೇ ಎಲೆಕ್ಟ್ರಾನ್ ವಾಯುಮಂಡಲದಲ್ಲಿ ಕಣಗಳ ಮಳೆಯನ್ನು ಉಂಟುಮಾಡುವ ಬಗೆಯನ್ನು 1937ರಲ್ಲಿ ವಾಲ್ಟರ್ ಹೈಟ್ಲರ್ ಅವರೊಡನೆ ವಿವರಿಸಿದರು. 1939ರಲ್ಲಿ ರಜೆಗೆ ಸ್ವದೇಶಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಹಿಂದಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕವನ್ನು ಸ್ಥಾಪಿಸಿದರು. 1945ರಲ್ಲಿ ಅದೇ ಆವರಣದಲ್ಲಿ ಆರಂಭವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಆ ವರ್ಷವೇ ಮುಂಬಯಿಗೆ ಸ್ಥಳಾಂತರಗೊಂಡಿತು.

ರೇಡಿಯೋ ಖಗೋಳವಿಜ್ಞಾನ

1961ರಲ್ಲಿ ವಿದೇಶಗಳಲ್ಲಿದ್ದ ಗೋವಿಂದ ಸ್ವರೂಪ್ ಮತ್ತು ಮೂವರು ಭಾರತೀಯ ವಿಜ್ಞಾನಿಗಳು ಸ್ವದೇಶದಲ್ಲಿ ರೇಡಿಯೋ ಖಗೋಳವಿಜ್ಞಾನ ತಂಡವೊಂದನ್ನು ಕಟ್ಟುವ ಪ್ರಸ್ತಾವ ಕಳುಹಿಸಿದರು. 1962ರ ಜನವರಿಯಲ್ಲಿ ಭಾಭಾ ತಂತಿಯ ಮೂಲಕ ಒಪ್ಪಿಗೆ ತಿಳಿಸಿದರು. ಸ್ವರೂಪ್ 1963ರಲ್ಲಿ ಮರಳಿದರು. ಈ ತಂಡವು ಊಟಿಯಲ್ಲಿ ನಿರ್ಮಿಸಿದ 530 ಮೀಟರ್ ಉದ್ದದ ದೂರದರ್ಶಕವು 1970ರಲ್ಲಿ ಸಿದ್ಧವಾಯಿತು. ಅದನ್ನು ಕಾಣಲು ಭಾಭಾ ಉಳಿದಿರಲಿಲ್ಲ. ಮೌಂಟ್ ಬ್ಲಾಂಕ್ ಪರ್ವತದಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಅವರು ನಿಧನರಾಗಿದ್ದರು.

ನಂತರ ಇದೇ ಪರಂಪರೆಯಲ್ಲಿ, ಪುಣೆ ಜಿಲ್ಲೆಯ ಖೋಡದ್‌ನಲ್ಲಿ ತಲಾ 45 ಮೀಟರ್ ವ್ಯಾಸದ 30 ತಟ್ಟೆಗಳ ಬೃಹತ್ ಮೀಟರ್‌ತರಂಗ ರೇಡಿಯೋ ದೂರದರ್ಶಕ ನಿರ್ಮಾಣವಾಯಿತು. ಗ್ಯಾಲಕ್ಸಿ ಗುಚ್ಛಗಳಲ್ಲಿ ಕೋಟ್ಯಂತರ ಡಿಗ್ರಿ ತಾಪದ ಅನಿಲ ತುಂಬಿರುತ್ತದೆ. ಕ್ಷ-ಕಿರಣಗಳನ್ನು ಹೊರಸೂಸುತ್ತ ಅದು ತಣಿಯಬೇಕು. ಆದರೆ ಅನೇಕ ಗುಚ್ಛಗಳ ಮಧ್ಯದಲ್ಲಿ ನಿರೀಕ್ಷಿಸಿದಷ್ಟು ತಣಿಯುವುದಿಲ್ಲ. ಕೇಂದ್ರ ಗ್ಯಾಲಕ್ಸಿಯ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಧಾರೆಗಳು ಅನಿಲವನ್ನು ಪಕ್ಕಕ್ಕೆ ತಳ್ಳಿ ಗುಳ್ಳೆಗಳನ್ನು ಉಬ್ಬಿಸಿ, ಕಳೆದುಹೋಗುವ ಶಾಖವನ್ನು ತುಂಬಿಕೊಡುತ್ತವೆ. ಗುಳ್ಳೆಗಳೊಳಗಿನ ಅತಿವೇಗದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುರುಳಿಯಾಗಿ ಚಲಿಸುತ್ತ ರೇಡಿಯೋ ತರಂಗಗಳನ್ನು ಹೊಮ್ಮಿಸುತ್ತವೆ. ಶಕ್ತಿಗುಂದಿದ ಹಳೆಯ ಎಲೆಕ್ಟ್ರಾನ್‌ಗಳು ಕಾಣುವುದು ಕಡಿಮೆ ಆವರ್ತನದಲ್ಲಿ ಮಾತ್ರ. ಖೋಡದ್ ದೂರದರ್ಶಕದ ಮಹತ್ವವಿರುವುದು ಇಲ್ಲಿಯೇ. ಒಫಿಯೂಕಸ್ ಗುಚ್ಛದ ಬೃಹತ್ ಕುಳಿಯು ಇಂಥ ಸ್ಫೋಟದ್ದೇ ಗುರುತೆಂದು 2020ರಲ್ಲಿ ದೃಢಪಡಿಸಿದ ಅಧ್ಯಯನದಲ್ಲಿ ಇದರ ದತ್ತಾಂಶವೂ ಬಳಕೆಯಾಯಿತು.

ಸ್ಮರಣೆ

1967ರಲ್ಲಿ ಟ್ರಾಂಬೆಯ ಪರಮಾಣು ಶಕ್ತಿ ಕೇಂದ್ರಕ್ಕೆ ಭಾಭಾ ಅವರ ಹೆಸರನ್ನಿಡಲಾಯಿತು. ಚಿತ್ರದುರ್ಗ ಜಿಲ್ಲೆಯಲ್ಲಿ, ಮೊಳಕಾಲ್ಮೂರಿಗೆ ಹೊಂದಿಕೊಂಡ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲು ಪ್ರದೇಶದಲ್ಲಿ ಈ ಕೇಂದ್ರಕ್ಕೂ ಅವರು ಸೇವೆ ಸಲ್ಲಿಸಿದ ಭಾರತೀಯ ವಿಜ್ಞಾನ ಸಂಸ್ಥೆಗೂ ಭೂಮಿ ನೀಡಲಾಗಿದೆ. ಸಂಸ್ಥೆಯ ಎರಡನೆಯ ಆವರಣವು ಕುದಾಪುರದಲ್ಲಿದೆ. ಜಾನುವಾರು ಮೇಯುವ ಹುಲ್ಲುಗಾವಲು ಕೈತಪ್ಪುವುದೆಂದು ಸ್ಥಳೀಯರು ಈ ಹಂಚಿಕೆಯನ್ನು ವಿರೋಧಿಸಿದ್ದರು.