ವೆಂಕಟಪ್ಪ: ತಪಸ್ಸು ಮತ್ತು ಸಂಭಾವನೆ

ಕಲಾವಿದರನ್ನು ತಪಸ್ವಿಗಳೆಂದು ಕರೆಯುವುದು ನಮ್ಮಲ್ಲಿ ರೂಢಿ. ಅದು ಗೌರವದ ಮಾತೇ ಹೌದು. ಆದರೆ ತಪಸ್ವಿಗೆ ಸಂಭಾವನೆ ಕೊಡಬೇಕಾಗಿಲ್ಲ ಎಂಬ ಅನುಕೂಲವೂ ಅದರಲ್ಲಿ ಅಡಗಿದೆ. ಕೆ. ವೆಂಕಟಪ್ಪನವರ (1886–1965) ಬದುಕಿನಲ್ಲಿ ಈ ರೂಢಿಯ ಎರಡೂ ಮುಖಗಳನ್ನು ಕಾಣಬಹುದು.

ವೆಂಕಟಪ್ಪನವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದವರು. ಆ ಪರಂಪರೆಯಲ್ಲಿ ದೇವರು, ಅರಸರು ಮತ್ತು ಚಿನ್ನದ ರೇಕಿಗೆ ಅಗ್ರಸ್ಥಾನ. ಗಿಡಮರ, ಬೆಟ್ಟಗಳು ಹಿನ್ನೆಲೆಗೆ ಮಾತ್ರ. ಮೈಸೂರು ಸೀಮೆಯ ಭೂದೃಶ್ಯಗಳನ್ನೇ ವಸ್ತುವಾಗಿಸಿಕೊಂಡು ಹೆಸರಾದವರಲ್ಲಿ ಹಲವರು ಸೇನೆಯ ಬೆನ್ನಿಗೆ ಬಂದ ಆಂಗ್ಲರು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಕಾರ್ನ್‌ವಾಲಿಸನ ಪಡೆಯೊಡನೆ ಸಂಚರಿಸಿದ ರಾಬರ್ಟ್ ಹೋಮ್ ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳ ನೋಟಗಳನ್ನು 1794ರಲ್ಲಿ ಪ್ರಕಟಿಸಿದ. ಅವು ಗೆಲ್ಲಲು ಬಂದವರ ಕಣ್ಣಿಗೆ ಕಂಡ ಬೆಟ್ಟಗಳು.

ನಾಲ್ವಡಿ ಕೃಷ್ಣರಾಜ ಒಡೆಯರು ತರುಣ ವೆಂಕಟಪ್ಪನವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಟ್ಯಾಗೋರರು ಗುರುಗಳು, ನಂದಲಾಲ್ ಬೋಸ್ ಸಹಪಾಠಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದು 1913ರಲ್ಲಿ ಹೊರಬಂದ ಪುರಾಣಕಥೆಗಳ ಗ್ರಂಥಕ್ಕೆ ಅವರು ಚಿತ್ರ ಬರೆದುಕೊಟ್ಟರು. ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದರು. ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ಅವರ ಪ್ರತಿಭೆ ಪೂರ್ಣವಾಗಿ ಅರಳಿದ್ದು 1926ರಿಂದ ಸುಮಾರು ಎಂಟು ವರ್ಷಗಳ ಅವಧಿಯಲ್ಲಿ ರಚಿಸಿದ ಉದಕಮಂಡಲ ಮತ್ತು ಕೊಡೈಕಾನಲ್‌ಗಳ ಜಲವರ್ಣ ಚಿತ್ರಗಳಲ್ಲಿ. ಪುರಾಣದ ಪಾತ್ರಗಳು ಇಲ್ಲಿ ಮರೆಯಾಗಿವೆ. ಮಂಜು, ಮೋಡ, ಇಳಿಜಾರು, ನೀರಿನ ಮೇಲಿನ ಬೆಳಕು ಇವೇ ಇಲ್ಲಿನ ವಸ್ತು. ಪಾರದರ್ಶಕ ಜಲವರ್ಣ ಕ್ಷಮೆಯಿಲ್ಲದ ಮಾಧ್ಯಮ. ಅದರಲ್ಲಿ ಬಿಳುಪೆಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದವೇ; ತಪ್ಪಿದರೆ ತೈಲಚಿತ್ರದಂತೆ ಮೇಲೆ ಬಳಿದು ಮುಚ್ಚುವಂತಿಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ಮಂಜನ್ನು ಇಂಥ ಮಾಧ್ಯಮದಲ್ಲಿ ಹಿಡಿಯಬೇಕಾದರೆ ಕೈಗಿಂತ ಮೊದಲು ಕಣ್ಣು ಪಳಗಿರಬೇಕು. ತಪಸ್ಸು ಎಂಬ ಮಾತು ಇಲ್ಲಿ ನಿಜವಾಗಿಯೂ ಸಲ್ಲುತ್ತದೆ.

ಆದರೆ ಈ ತಪಸ್ವಿ ದಿನಚರಿ ಬರೆದಿಡುತ್ತಿದ್ದವರು, ತಮ್ಮ ಶ್ರಮದ ಬೆಲೆಯನ್ನು ಬಲ್ಲವರು. ಅರಮನೆಗಾಗಿ ಅವರು ಪ್ಲಾಸ್ಟರಿನ ಉಬ್ಬುಚಿತ್ರಗಳನ್ನು ರಚಿಸುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಬಳಿಕ ಆ ಕೆಲಸ ನಿಂತುಹೋಯಿತು. ವೆಂಕಟಪ್ಪನವರು ಬೆಂಗಳೂರಿಗೆ ಬಂದು ನೆಲೆಸಿದರು. ತಮಗೆ ಸಲ್ಲಬೇಕಾದ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. ತೀರ್ಪು ಅವರ ಪರವಾಗಿ ಬರಲಿಲ್ಲ.

ಈ ವ್ಯಾಜ್ಯವನ್ನು ಹಠಮಾರಿ ಸ್ವಭಾವದ ಫಲವೆಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡಿದರೆ ಅದರ ಚಾರಿತ್ರಿಕ ಅರ್ಥ ನಮ್ಮ ಕೈತಪ್ಪುತ್ತದೆ. ಆಶ್ರಯವೆಂಬುದು ದೊರೆಯ ಕೃಪೆ; ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಒಪ್ಪಂದವೆಂಬುದು ಹಕ್ಕು. ತಲೆಮಾರುಗಳಿಂದ ಕೃಪೆಯಲ್ಲಿ ಬಾಳಿದ ಮನೆತನದ ಕುಡಿಯೊಬ್ಬರು ಹಕ್ಕಿನ ಭಾಷೆಯಲ್ಲಿ ಮಾತನಾಡಿದ್ದು ಸಣ್ಣ ಸಂಗತಿಯಲ್ಲ. ಹಿಮಾಲಯದ ಎತ್ತರದಲ್ಲಿ ಬದುಕುವವನಿಗೂ ಅನ್ನ ಬೇಕು, ಬಣ್ಣಕ್ಕೂ ಕಾಗದಕ್ಕೂ ಹಣ ಬೇಕು.

1965ರಲ್ಲಿ ಅವರು ನಿಧನರಾದ ತರುವಾಯ ಸರ್ಕಾರ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯನ್ನು ಸ್ಥಾಪಿಸಿತು. ಕಡಿಮೆ ಬಾಡಿಗೆಗೆ ದೊರೆಯುತ್ತಿದ್ದ ಅದರ ಸಭಾಂಗಣಗಳಲ್ಲಿ ಅನೇಕ ಕಿರಿಯ ಕಲಾವಿದರು ತಮ್ಮ ಕೃತಿಗಳನ್ನು ಪ್ರದರ್ಶಿಸಿದರು. ಚಿತ್ರಶಾಲೆಯ ಹೊಣೆಯನ್ನು ಖಾಸಗಿಯವರಿಗೆ ವಹಿಸಲು ಸರ್ಕಾರ ಮುಂದಾದಾಗ, 2016ರಲ್ಲಿ ಕಲಾವಿದರು ಒಟ್ಟಾಗಿ ಪ್ರತಿಭಟಿಸಿದರು. ಸಾರ್ವಜನಿಕ ಸ್ವತ್ತಿನ ಮೇಲೆ ಸಾರ್ವಜನಿಕರಿಗೆ ಹಕ್ಕಿದೆ ಎಂಬುದೇ ಅವರ ವಾದದ ತಿರುಳು.

ಖಾಸಗಿ ಹಣ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯವಲ್ಲ. ಆದರೆ ಹಣ ಯಾರದೇ ಇರಲಿ, ಹೊಣೆ ಸರ್ಕಾರದ್ದೇ. ಜಲವರ್ಣ ಚಿತ್ರಗಳಿಗೆ ಹೆಚ್ಚು ಬೆಳಕು ತಗುಲಿದರೆ ಬಣ್ಣ ಮಾಸುತ್ತದೆ. ತೇವ ಹೆಚ್ಚಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಅವುಗಳ ರಕ್ಷಣೆಗೆ ಬೇಕಾದದ್ದು ಜಯಂತಿಯ ದಿನದ ಹಾರವಲ್ಲ. ನುರಿತ ಸಿಬ್ಬಂದಿ, ಹದವಾದ ಬೆಳಕು ಮತ್ತು ವರ್ಷವೂ ತಪ್ಪದ ಅನುದಾನ. ವೆಂಕಟಪ್ಪನವರು ತಮ್ಮ ಬಾಕಿಯನ್ನು ನ್ಯಾಯಾಲಯದಲ್ಲಿ ಪಡೆಯಲಾಗಲಿಲ್ಲ. ಅದನ್ನು ಈ ಬಗೆಯಲ್ಲಾದರೂ ತೀರಿಸುವ ಅವಕಾಶ ನಮಗಿದೆ.