ಜಲಜನಕದ ಅಲೆ ಅರಸಿದ ಯಾನ್ ಊರ್ಟ್

ಧೂಮಕೇತುಗಳ ತವರೆನಿಸಿದ ‘ಊರ್ಟ್ ಮೋಡ’ದ ಮೂಲಕ ಜಗತ್ತು ಬಲ್ಲ ಖಗೋಳಜ್ಞ ಯಾನ್ ಊರ್ಟ್ (1900-1992). ಆದರೆ ಅವರು ತೆರೆದ ಇನ್ನೊಂದು ದಾರಿ ಅದಕ್ಕಿಂತ ಹಿರಿದು.

ನೆದರ್ಲೆಂಡ್ಸ್ ನಾಜಿಗಳ ವಶವಾದಾಗ ಊರ್ಟ್ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಯಹೂದಿ ಸಹೋದ್ಯೋಗಿಗಳ ವಜಾವನ್ನು ಸಹಿಸದೆ ಹುದ್ದೆ ತೊರೆದು ಹಳ್ಳಿ ಸೇರಿದರು. ಆಗಸದಿಂದ ರೇಡಿಯೋ ಅಲೆಗಳು ಬರುತ್ತಿವೆ ಎಂಬ ಅಮೆರಿಕದ ಗ್ರೋಟ್ ರೀಬರ್ ಅವರ ಲೇಖನ ಆ ಯುದ್ಧಕಾಲದಲ್ಲಿಯೇ ಅವರ ಕೈಸೇರಿತು. ಬೆಳಕನ್ನು ತಡೆಯುವ ಧೂಳಿನ ತೆರೆಯನ್ನು ಈ ಅಲೆಗಳು ದಾಟಬಲ್ಲವು. ಅವುಗಳಲ್ಲಿ ನಿಶ್ಚಿತ ತರಂಗಾಂತರದ್ದೊಂದು ದೊರೆತರೆ ಅನಿಲದ ವೇಗವನ್ನೂ ಅಳೆಯಬಹುದೆಂದು ಊರ್ಟ್ ತರ್ಕಿಸಿದರು. ಅದನ್ನು ಲೆಕ್ಕ ಹಾಕುವ ಹೊಣೆ ತರುಣ ವಿದ್ಯಾರ್ಥಿ ಹೆಂಕ್ ವಾನ್ ಡೆ ಹುಲ್ಸ್ಟ್ ಅವರದಾಯಿತು. 1944ರಲ್ಲಿ ಉತ್ತರ ಬಂದಿತು: ಜಲಜನಕ ಪರಮಾಣು ಹೊಮ್ಮಿಸುವ 21 ಸೆಂಟಿಮೀಟರ್ ಅಲೆ.

ಯುದ್ಧಾನಂತರ ಜರ್ಮನ್ ಸೇನೆ ಬಿಟ್ಟುಹೋದ 7.5 ಮೀಟರ್ ವ್ಯಾಸದ ರೇಡಾರ್ ತಟ್ಟೆಯೇ ದೂರದರ್ಶಕವಾಯಿತು. 1950ರಲ್ಲಿ ಬೆಂಕಿ ಬಿದ್ದು ಗ್ರಾಹಕಯಂತ್ರ ಸುಟ್ಟಿತು. 1951ರ ಮಾರ್ಚ್ 25ರಂದು ಹಾರ್ವರ್ಡ್‌ನ ಯೂವನ್ ಮತ್ತು ಪರ್ಸೆಲ್ ಆ ಅಲೆಯನ್ನು ಮೊದಲು ಹಿಡಿದರು. ಊರ್ಟ್ ಮತ್ತು ಮುಲ್ಲರ್ ಯಶಸ್ಸು ಕಂಡದ್ದು ಮೇ 11ರಂದು. ಸ್ಪರ್ಧೆಯಲ್ಲಿ ಗೆದ್ದವರ ಔದಾರ್ಯವೂ ಸ್ಮರಣೀಯ. ಡಚ್ಚರ ವರದಿಗಾಗಿ ಅವರು ಕಾದುದರಿಂದ ‘ನೇಚರ್’ ಪತ್ರಿಕೆಯಲ್ಲಿ ಎರಡೂ ಒಟ್ಟಿಗೆ ಪ್ರಕಟವಾದವು.

ಊರ್ಟ್ ಬಳಗ ಆ ಅಲೆಯಿಂದ ಆಕಾಶಗಂಗೆಯ ಸುರುಳಿತೋಳುಗಳನ್ನು ಗುರುತಿಸಿತು. ಇಂದಿನ ಅನ್ವೇಷಣೆ ಇನ್ನೂ ಹಿಂದಕ್ಕೆ ಸಾಗಿದೆ. ಮೊದಲ ನಕ್ಷತ್ರಗಳ ಕಾಲದ ಜಲಜನಕದ ಅಲೆ, ವಿಶ್ವ ಹಿಗ್ಗಿದಂತೆ ತಾನೂ ಹಿಗ್ಗಿ, ಮೀಟರುಗಟ್ಟಲೆ ಉದ್ದವಾಗಿ ನಮ್ಮನ್ನು ತಲುಪಬೇಕು. ಅದು ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಸಾರಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ 2020ರಲ್ಲಿ ಶರಾವತಿ ಹಿನ್ನೀರಿನ ಮೇಲೆ ‘ಸಾರಸ್’ ಆಂಟೆನಾ ತೇಲಿಬಿಟ್ಟು ಆಲಿಸಿತು. ಅಂಥ ಸಂಕೇತ ಕಾಣಲಿಲ್ಲವೆಂದು 2022ರಲ್ಲಿ ವರದಿ ಮಾಡಿತು.